ಅಬ್ಬಾಸನ ಬಾವುಟ: ಉಮಯ್ಯಾ ರಾಜಕುಮಾರರು, ಗಡಿಯುದ್ಧ ಮತ್ತು ದಾಯಾದಿ ಕಲಹ

ಕ್ರಿ.ಶ. 744ರ ಏಪ್ರಿಲ್. ಪಲ್ಮೈರಾದ ಬಳಿಯ ಅಲ್-ಬಖ್ರಾ ಕೋಟೆಯಲ್ಲಿ ಉಮಯ್ಯಾ ಮನೆತನದ ಖಲೀಫ ಎರಡನೆಯ ವಲೀದ್ ಶತ್ರುಗಳನ್ನು ಎದುರಿಸುತ್ತಿದ್ದ. ಅವನ ನೆರವಿಗೆಂದು ದಾಯಾದಿ ಅಬ್ಬಾಸ್ ಇಬ್ನ್ ಅಲ್-ವಲೀದ್ ಮಕ್ಕಳೊಡನೆ ಹೊರಟಿದ್ದ. ಬಂಡೆದ್ದಿದ್ದವನು ಅಬ್ಬಾಸನ ತಮ್ಮನೇ ಆದ ಯಜೀದ್. ಅವನ ಕಡೆಯವರು ಅಬ್ಬಾಸನನ್ನು ದಾರಿಯಲ್ಲೇ ಹಿಡಿದು ತಮ್ಮ ಪಾಳೆಯಕ್ಕೆ ತಂದರು. ಅವನ ಹೆಸರಿನಲ್ಲಿ ಬಾವುಟ ಏರಿಸಿ, ಅಬ್ಬಾಸ್ ಯಜೀದನಿಗೆ ನಿಷ್ಠೆ ಒಪ್ಪಿಸಿದ್ದಾನೆಂದು ಸಾರಿದರು. ಅದನ್ನು ಕಂಡು ವಲೀದನ ಸೈನಿಕರು ಕಳಚಿಕೊಳ್ಳತೊಡಗಿದರು. ವಲೀದ್ ಅಲ್ಲೇ ಹತನಾದ. ಚರಿತ್ರೆಕಾರ ಅತ್ತಬರಿ ದಾಖಲಿಸಿದ ಈ ಪ್ರಸಂಗ ನನ್ನನ್ನು ಬಹಳ ಕಾಡಿದೆ. ಸೆರೆಯಾಳೊಬ್ಬನ ಬಾವುಟಕ್ಕೆ ಅಷ್ಟು ಬೆಲೆ ಬಂದದ್ದು ಎಲ್ಲಿಂದ?

ಗಡಿಯಿಂದ. ಬೈಜಂಟೈನರ ತ್ಯಾನಾ ನಗರವನ್ನು ಗೆದ್ದ ಸೇನೆಯಲ್ಲಿ ಅಬ್ಬಾಸ್ ಚಿಕ್ಕಪ್ಪ ಮಸ್ಲಮಾನ ಜೊತೆಗಿದ್ದ. ಅನಾತೋಲಿಯಾದ ಮೇಲೆ ಪ್ರತಿ ಬೇಸಿಗೆಯಲ್ಲೂ ನಡೆಯುತ್ತಿದ್ದ ದಂಡಯಾತ್ರೆಗಳು ಅವನಿಗೆ ಹೆಸರು ತಂದವು. ಮಸ್ಲಮಾನದು ಇನ್ನೂ ದೊಡ್ಡ ಹೆಸರು: 717-18ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಮುತ್ತಿಗೆ, 720ರಲ್ಲಿ ಇರಾಕಿನ ಬಂಡಾಯದ ದಮನ, ಆಮೇಲೆ ಕಾಕಸಸ್‌ನಲ್ಲಿ ಖಜರರ ವಿರುದ್ಧ ಯುದ್ಧ. ದರ್ಬೆಂದ್ ಕೋಟೆಯನ್ನು ಮತ್ತೆ ಕಟ್ಟಿ ಸಿರಿಯಾದ ಸೈನಿಕರನ್ನು ಅಲ್ಲಿ ನೆಲೆಗೊಳಿಸಿದವನೂ ಅವನೇ. ಆದರೂ ಅವನ ತಂದೆ ಖಲೀಫ ಅಬ್ದುಲ್ ಮಲಿಕನ ನಾಲ್ವರು ಮಕ್ಕಳು ಖಲೀಫರಾದಾಗ ಈ ಐದನೆಯವನು ಹೊರಗೇ ಉಳಿದ. ತಾಯಿ ದಾಸಿ ಎಂಬುದೇ ಅಡ್ಡಿ.

ಇಂಥ ಕಲಹಗಳ ಬಳಿಕ ಬಂದ ಉಮಯ್ಯಾ ಪತನಕ್ಕೆ ಕೈಸ್ ಮತ್ತು ಯಮನ್ ಎಂಬ ಅರಬ್ ಬುಡಕಟ್ಟು ಬಣಗಳ ವೈರವೇ ಕಾರಣವೆಂಬ ವಿವರಣೆ ರೂಢಿಯಲ್ಲಿದೆ. ಅದು ಸುಳ್ಳಲ್ಲ, ಆದರೆ ಸಾಲದು. ಜಜೀರಾ (ಉತ್ತರ ಮೆಸೊಪೊಟೇಮಿಯಾ) ಮತ್ತು ಅರ್ಮೇನಿಯಾಗಳ ಗಡಿ ಆಡಳಿತವನ್ನು ಬೇರೆಬೇರೆ ಕಾಲದಲ್ಲಿ ಹಿಡಿದ ಮುಹಮ್ಮದ್ ಇಬ್ನ್ ಮರ್ವಾನ್, ಮಸ್ಲಮಾ, ಮುಹಮ್ಮದನ ಮಗ ಮರ್ವಾನ್ ಮೂವರೂ ದಾಸಿಯರ ಹೊಟ್ಟೆಯಲ್ಲಿ ಹುಟ್ಟಿದವರು. ಪಟ್ಟ ಕೊಡಲೊಲ್ಲದ ಮನೆತನ ಅವರ ಕೈಗೆ ಸೈನ್ಯ ಕೊಟ್ಟಿತು. ಚಳಿ, ಹಸಿವುಗಳಲ್ಲಿ ವರ್ಷಗಟ್ಟಲೆ ಜೊತೆಗಿದ್ದ ಸೈನಿಕರಿಗೆ ದಮಾಸ್ಕಸ್ಸಿನ ಖಲೀಫನಿಗಿಂತ ತಮ್ಮ ದಳಪತಿಯೇ ಹತ್ತಿರದವನಾದ.

ಅರಮನೆ ಇದನ್ನು ಅರಿತು ನಡೆಯಲಿಲ್ಲ. ಹಿಂದಿನ ಖಲೀಫ ಹಿಶಾಮನ ಮಗ ಸುಲೈಮಾನ್ ಬೈಜಂಟೈನರೊಡನೆ ಹೋರಾಡಿದವನು. ವಲೀದ್ ಅವನಿಗೆ ನೂರು ಛಡಿ ಹೊಡೆಸಿ, ತಲೆ ಗಡ್ಡ ಬೋಳಿಸಿ ಅಮ್ಮಾನಿನಲ್ಲಿ ಸೆರೆಯಲ್ಲಿಟ್ಟ. ವಲೀದ್ ಸತ್ತದ್ದೇ ತಡ, ಸುಲೈಮಾನ್ ಹೊರಬಂದು ಯಜೀದನ ಪಕ್ಷ ಸೇರಿದ. ಯಜೀದನೋ ದಾಸಿಗೆ ಹುಟ್ಟಿ ಖಲೀಫನಾದ ಮೊದಲಿಗ. ಆರೇ ತಿಂಗಳಲ್ಲಿ ತೀರಿಕೊಂಡ. ಆಗ ಮರ್ವಾನ್ ವಲೀದನ ಸೇಡಿನ ಹೆಸರಿನಲ್ಲಿ ಗಡಿಸೇನೆಯನ್ನು ಸಿರಿಯಾಕ್ಕೇ ಇಳಿಸಿ, ಐನ್ ಅಲ್-ಜರ್‌ನಲ್ಲಿ ಸುಲೈಮಾನನನ್ನು ಸೋಲಿಸಿ, ಪಟ್ಟವೇರಿದ. ರಾಜಧಾನಿಯನ್ನು ದಮಾಸ್ಕಸ್ಸಿನಿಂದ ಜಜೀರಾದ ಹರ್ರಾನಿಗೆ ಒಯ್ದ.

ಮರ್ವಾನನ ಸೆರೆಗೆ ಸಿಕ್ಕ ಅಬ್ಬಾಸ್ ಪ್ರಾಣ ಬಿಟ್ಟದ್ದು ಆ ಹರ್ರಾನಿನ ಸೆರೆಮನೆಯಲ್ಲಿ.