ಬೂಟ್‌ನ ಮೊದಲ ಕ್ಷಣಗಳು: ಫೈರ್‌ವೈರ್ ದೋಷಶೋಧನೆ ಮತ್ತು ಪ್ರೊಸೆಸರ್ ಗಡಿಗಳು

ಲಿನಕ್ಸ್ ಕರ್ನಲ್ ಬೂಟ್ ಆರಂಭದಲ್ಲೇ ನಿಂತುಬಿಟ್ಟರೆ ಪರದೆಯ ಮೇಲೆ ಏನೂ ಮೂಡದು. ಲಾಗನ್ನು ಡಿಸ್ಕಿಗೆ ಬರೆಯಬೇಕಾದ ಡ್ರೈವರ್ ಇನ್ನೂ ಎದ್ದಿರುವುದಿಲ್ಲ. ಹಿಂದೆ ಸೀರಿಯಲ್ ಪೋರ್ಟಿನಿಂದ ಸುಳಿವು ಸಿಗುತ್ತಿತ್ತು. ಲ್ಯಾಪ್‌ಟಾಪ್‌ಗಳು ಅದನ್ನು ಕೈಬಿಟ್ಟ ಮೇಲೆ, 2008ರಲ್ಲಿ ಬರ್ನ್‌ಹಾರ್ಡ್ ಕೈಂಡ್ಲ್ ಲಿನಕ್ಸ್ 2.6.25ರಲ್ಲಿ ಬೇರೊಂದು ದಾರಿ ತೆರೆದರು: ಫೈರ್‌ವೈರ್ ಬಸ್.

ಓಎಚ್‌ಸಿಐ ಮಾದರಿಯ ಫೈರ್‌ವೈರ್ ನಿಯಂತ್ರಕಕ್ಕೆ ಅನುಮತಿ ಕೊಟ್ಟರೆ, ಕೇಬಲ್‌ನ ಆಚೆ ತುದಿಯ ಯಂತ್ರ ಈ ಯಂತ್ರದ ಮೊದಲ 4 ಜಿಬಿ ಮೆಮೊರಿಯನ್ನು ಪ್ರೊಸೆಸರನ್ನು ಕೇಳದೆಯೇ ಓದಬಹುದು. ಕರ್ನಲ್ ಕುಸಿದರೂ ಲಾಗ್ ಮೆಮೊರಿಯಲ್ಲಿ ಉಳಿದಿರುತ್ತದೆ. ಫೈರ್‌ಸ್ಕೋಪ್ ಎಂಬ ಸಲಕರಣೆ ಅದನ್ನು ಎತ್ತಿಕೊಳ್ಳುತ್ತದೆ. (ಇದೇ ಗುಣ ಭದ್ರತೆಗೆ ದೊಡ್ಡ ಕಿಂಡಿಯೂ ಹೌದು.)

ವಿಚಿತ್ರವೆಂದರೆ, ಫೈರ್‌ಸ್ಕೋಪ್ ಹುಟ್ಟಿದ್ದು ಪವರ್‌ಪಿಸಿ ಪ್ರೊಸೆಸರಿನಲ್ಲಿ. ಪಿಸಿಗಳ ಎಕ್ಸ್86ಕ್ಕೆ ಬಂದದ್ದು ಆಮೇಲೆ. ಓದುವ ಸಲಕರಣೆ ಗಡಿ ದಾಟಿತು. ನಿಯಂತ್ರಕವನ್ನು ಬೇಗನೆ ಎಬ್ಬಿಸುವ ಕೈಂಡ್ಲ್ ಅವರ ಕೋಡ್ ಮಾತ್ರ ಎಕ್ಸ್86ರಲ್ಲೇ ಉಳಿಯಿತು.

ಅದನ್ನು ಬೇರೆ ಪ್ರೊಸೆಸರಿಗೆ ಒಯ್ಯುವ ತೊಡಕು ಫೈರ್‌ವೈರ್‌ನದಲ್ಲ, ಅದಕ್ಕೂ ಮುಂಚಿನ ಎರಡು ಹೆಜ್ಜೆಗಳದು. ಮೊದಲನೆಯದು ನಿಯಂತ್ರಕವನ್ನು ಹುಡುಕುವುದು. ಪಿಸಿಯಲ್ಲಿ ಸಿಎಫ್8, ಸಿಎಫ್‌ಸಿ ಎಂಬ ಎರಡು ಪೋರ್ಟುಗಳ ಮೂಲಕ ಪಿಸಿಐ ಸಾಧನಗಳನ್ನು ಒಂದೊಂದಾಗಿ ವಿಚಾರಿಸಿದರೆ ಸಾಕು. ರಿಜಿಸ್ಟರುಗಳ ವಿಳಾಸವನ್ನು ಬಯೋಸ್ ಆಗಲೇ ಹಂಚಿಟ್ಟಿರುತ್ತದೆ. ಆರ್ಮ್ ಪ್ರೊಸೆಸರುಗಳಲ್ಲಿ ಪೋರ್ಟ್ ಸೂಚನೆಗಳೇ ಇಲ್ಲ. ಪಿಸಿಐ ಎಲ್ಲಿದೆಯೆಂದು ತಿಳಿಯಲು ಡಿವೈಸ್ ಟ್ರೀ ಅಥವಾ ಎಸಿಪಿಐ ಕೋಷ್ಟಕ ಓದಬೇಕು. ಎಷ್ಟೋ ಬೋರ್ಡುಗಳಲ್ಲಿ ವಿಳಾಸ ಹಂಚುವ ಕೆಲಸವೂ ಕರ್ನಲ್‌ನದೇ, ಅದೂ ತಡವಾಗಿ.

ಹಾಗೆಂದು ಇದನ್ನು ಬರೀ ಪ್ರೊಸೆಸರ್ ಭೇದವೆನ್ನುವುದು ಅರ್ಧಸತ್ಯ. ರಾಸ್ಪ್‌ಬೆರಿ ಪೈನ ಮೂರು ಪೀಳಿಗೆಗಳನ್ನೇ ನೋಡಬಹುದು: ಎಲ್ಲವೂ ಆರ್ಮ್, ಸೀರಿಯಲ್ ಘಟಕವೂ ಒಂದೇ ಜಾತಿಯದು. ಆದರೂ ಅದರ ವಿಳಾಸ ಹೆಕ್ಸ್ ಲೆಕ್ಕದಲ್ಲಿ ಮೊದಲ ಪೈನಲ್ಲಿ 20201000, ಎರಡರಲ್ಲಿ 3ಎಫ್201000, ನಾಲ್ಕರಲ್ಲಿ ಎಫ್‌ಇ201000. ಪಿಸಿ ಲೋಕ ದಶಕಗಳಿಂದ ಉಳಿಸಿಕೊಂಡು ಬಂದ ಸ್ಥಿರ ವಿಳಾಸಗಳ ಕರಾರು ಇಲ್ಲಿಲ್ಲ.

ಎರಡನೆಯ ಹೆಜ್ಜೆ, ಮೆಮೊರಿ ನಿರ್ವಹಣೆ ಸಿದ್ಧವಾಗುವ ಮೊದಲೇ ಆ ರಿಜಿಸ್ಟರುಗಳಿಗೆ ವರ್ಚುವಲ್ ವಿಳಾಸ ಕೊಡುವುದು. ಇದು ಬಹುಮಟ್ಟಿಗೆ ಬಗೆಹರಿದಿದೆ: ಈ ಕೆಲಸ ಮಾಡುವ ಅರ್ಲಿ ಐಓರೀಮ್ಯಾಪ್ 2014ರಲ್ಲಿ, ಲಿನಕ್ಸ್ 3.15ರಲ್ಲಿ, ಎಲ್ಲ ಪ್ರೊಸೆಸರುಗಳಿಗೂ ಒದಗುವ ಸಾಮಾನ್ಯ ಕೋಡ್ ಆಯಿತು. ಬೆನ್ನಿಗೇ 3.16ರಲ್ಲಿ ಬಂದ ಸಾಮಾನ್ಯ ಅರ್ಲಿಕಾನ್ (ಬೂಟ್ ಆರಂಭದ ಲಾಗನ್ನು ಸೀರಿಯಲ್‌ಗೆ ಕಳಿಸುವ ಕೋಡ್) ತನ್ನ ಸೀರಿಯಲ್ ಸಾಧನವನ್ನು ಹುಡುಕುತ್ತ ಹೋಗುವುದಿಲ್ಲ. ಬೂಟ್ ಸಾಲಿನಲ್ಲೋ ಡಿವೈಸ್ ಟ್ರೀಯಲ್ಲೋ ಹೇಳಿದ ವಿಳಾಸವನ್ನು ನಂಬುತ್ತದೆ. ಫೈರ್‌ವೈರ್ ಕೋಡಿಗೂ ಇದೇ ಸರಿಯಾದ ಮಾದರಿ. ಹುಡುಕಾಟವನ್ನು ಹೊರಗಿಟ್ಟರೆ, ಉಳಿದ ಕೋಡ್ ಯಾವ ಯಂತ್ರದಲ್ಲಾದರೂ ನಡೆದೀತು.

ನಡೆದ ಮೇಲೂ ಫಲ ಸಿಗಬೇಕೆಂದಿಲ್ಲ. ಆರ್ಮ್ ಆಧಾರಿತ ಎಎಮ್‌ಡಿ ಆಪ್ಟೆರಾನ್ ಎ1100ರಲ್ಲಿ ರ‍್ಯಾಮ್ ಶುರುವಾಗುವುದೇ 512 ಜಿಬಿ ವಿಳಾಸದಿಂದ. ಫೈರ್‌ವೈರ್‌ನ 4 ಜಿಬಿ ಮಿತಿಯನ್ನು ಏರಿಸುವ ರಿಜಿಸ್ಟರ್ ಓಎಚ್‌ಸಿಐಯಲ್ಲಿ ಐಚ್ಛಿಕ. ಅದಿಲ್ಲದ ಕಾರ್ಡನ್ನು ಅಲ್ಲಿ ಸಿಕ್ಕಿಸಿದರೆ ಲಾಗಿನ ಒಂದಕ್ಷರವೂ ಕೈಗೆಟುಕದು.