ಸಿಳ್ಳೆ ಎಣಿಸಿದಾಕೆ

ಸದ್ದು ಸಹಿಸಲಾರೆ ಎಂದ ಹೆಂಗಸಿಗೆ ‘ನರ ಸೂಕ್ಷ್ಮ’ ಎಂದು ಹಣೆಪಟ್ಟಿ ಹಚ್ಚಿ ನಗುವುದು ಹಳೆಯ ರೂಢಿ. ಜೂಲಿಯಾ ಬಾರ್ನೆಟ್ ರೈಸ್ ನನಗೆ ಇಷ್ಟವಾದದ್ದು ಆ ನಗೆಗೆ ಆಕೆ ಲೆಕ್ಕದಿಂದ ಉತ್ತರ ಕೊಟ್ಟಳೆಂದು.

ನ್ಯೂಯಾರ್ಕಿನಲ್ಲಿ ಹಡ್ಸನ್ ನದಿಗೆ ಮುಖ ಮಾಡಿದ ಬಂಗಲೆ, ಸಿರಿವಂತ ಗಂಡ, ಆರು ಮಕ್ಕಳು. ವೈದ್ಯಕೀಯ ಓದಿದ್ದಳು, ವೃತ್ತಿ ಮಾಡಲಿಲ್ಲ. (ಅದೂ ನಮಗೆ ಗೊತ್ತಿರುವ ಕಥೆಯೇ.) ಮನೆಯೆದುರಿನ ನದಿಯಲ್ಲಿ ಹಡಗುಗಳನ್ನು ಎಳೆಯುವ ಟಗ್ ದೋಣಿಗಳು ರಾತ್ರಿಯಿಡೀ ಉಗಿಯ ಸಿಳ್ಳೆ ಊದುತ್ತಿದ್ದವು. ಅಪಾಯದ ಸೂಚನೆಯಾದರೆ ಯಾರೂ ಬೇಡವೆನ್ನರು. ಆದರೆ ಎಷ್ಟೋ ಸಿಳ್ಳೆಗಳು ಗೆಳೆಯರಿಗೆ ಹೊಡೆಯುವ ಸಲಾಮು ಮಾತ್ರ!

ಜೂಲಿಯಾ ಕೊಲಂಬಿಯಾ ವಿಶ್ವವಿದ್ಯಾನಿಲಯದ ಕಾನೂನು ವಿದ್ಯಾರ್ಥಿಗಳಿಗೆ ಹಣ ಕೊಟ್ಟು ದಡದಲ್ಲಿ ಕೂರಿಸಿ ಸಿಳ್ಳೆ ಎಣಿಸಿದಳು. ಒಂದೇ ರಾತ್ರಿಯಲ್ಲಿ ಸುಮಾರು 3,000! ದೂರು ಹೊತ್ತು ಹೋದರೆ ನಗರದ ಅಧಿಕಾರಿಗಳು ನದಿ ತಮ್ಮ ಕೈಯಲ್ಲಿಲ್ಲ ಎಂದರು. ಆಗ ಆಕೆ ಮಾಡಿದ್ದು ಜಾಣತನದ ಕೆಲಸ. ತನ್ನ ನಿದ್ದೆಯ ಮಾತು ಬಿಟ್ಟು, ನದಿಯ ಬದಿಯ ಆಸ್ಪತ್ರೆಗಳಿಗೆ ಹೋಗಿ, ನಿದ್ದೆಯಿಲ್ಲದೆ ಹೊರಳಾಡುವ ರೋಗಿಗಳ ಬಗ್ಗೆ ವೈದ್ಯರಿಂದ ಹೇಳಿಕೆ ಪಡೆದಳು. ಸ್ವಂತ ಮನೆಗಾಗಿ ಕೇಳಿದ್ದರೆ ಶ್ರೀಮಂತಳ ಹಟ ಎಂದು ತಳ್ಳಿಹಾಕುತ್ತಿದ್ದರು. 1906ರ ಡಿಸೆಂಬರಿನಲ್ಲಿ ‘ಅನಗತ್ಯ ಸದ್ದು ನಿವಾರಣಾ ಸಂಘ’ ಹುಟ್ಟಿತು. 1907ರಲ್ಲಿ ಅನಾವಶ್ಯಕ ಸಿಳ್ಳೆಗೆ ಕಡಿವಾಣ ಹಾಕುವ ಬೆನೆಟ್ ಕಾಯಿದೆಯನ್ನು ಅಮೆರಿಕದ ಸಂಸತ್ತೇ ಮಾಡಿತು. ಆಸ್ಪತ್ರೆಗಳ ಸುತ್ತ ನಿಶ್ಶಬ್ದ ವಲಯಗಳೂ ಬಂದವು.

‘ಅನಗತ್ಯ’ ಎಂಬ ಆ ಪದದ ಬಗ್ಗೆ ಮಾತ್ರ ನನಗೆ ಎರಡು ಮನಸ್ಸು. ನಗರವೇ ಮೂಕವಾಗಲಿ ಎಂದು ಆಕೆ ಕೇಳಲಿಲ್ಲ, ಸರಿ. ಆದರೆ ಯಾವುದು ಅನಗತ್ಯ ಎನ್ನುವವರು ಯಾರು? ಸೊಪ್ಪಿನವಳ ಕೂಗು ಮಹಡಿ ಮನೆಯವರಿಗೆ ಕಿರಿಕಿರಿ, ಅವಳಿಗೆ ಅಂದಿನ ಅನ್ನ. ಅದನ್ನೂ ಮದುವೆ ಮೆರವಣಿಗೆಯ ಧ್ವನಿವರ್ಧಕವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪಲಾರೆ.

ನಮ್ಮಲ್ಲಿ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳಿದವು. 2017ರ ತಿದ್ದುಪಡಿಯ ಮೇಲೆ, ರಾಜ್ಯ ಸರಕಾರ ಘೋಷಿಸಿದರಷ್ಟೇ ಅದು ವಲಯ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಗಣೇಶನ ಹಬ್ಬದ ವಾರ ನಮ್ಮ ಬೀದಿಯಲ್ಲಿ ಆ ಅಂಕಿಯನ್ನು ಹೇಳಿದರೆ ಮಕ್ಕಳೂ ನಗುತ್ತಾರೆ.

ಜೂಲಿಯಾ ಮಕ್ಕಳನ್ನೂ ಬಿಡಲಿಲ್ಲ. ಅವರಿಗೆಂದೇ ಒಂದು ಶಾಖೆ ತೆರೆದಳು, ಅದಕ್ಕೆ ಗೌರವ ಅಧ್ಯಕ್ಷ ಸಾಹಿತಿ ಮಾರ್ಕ್ ಟ್ವೇನ್. ಆಸ್ಪತ್ರೆಯ ಬಳಿ ಗಲಾಟೆ ಮಾಡುವುದಿಲ್ಲ ಎಂದು ಮಾತು ಕೊಟ್ಟ ತುಂಟರು ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಓಡಾಡಿದರು.