ಹಿಂದಿನ ಸೀಟಿನಲ್ಲಿ ಕೂತವರಿಗೂ ದಾರಿ ಗೊತ್ತಾಗಬೇಕು

ಕಣ್ಣು ಕಾಣದವರು ಕಾರು ಓಡಿಸುವುದಿಲ್ಲ, ಕಾರಿನ ದಾರಿ ತಿಳಿದು ಅವರಿಗೇನಾಗಬೇಕು ಎಂದು ಕೇಳುವವರಿದ್ದಾರೆ. ಟ್ಯಾಕ್ಸಿ ಸುಮ್ಮನೆ ಸುತ್ತು ಹಾಕುತ್ತಿದೆಯೇ, ಇಳಿಯುವ ಜಾಗ ಹತ್ತಿರ ಬಂತೇ, ಈಗ ನಿಂತದ್ದು ಸಿಗ್ನಲ್ಲಿಗೋ ಮನೆ ಮುಂದೆಯೋ? ಇಷ್ಟಕ್ಕೂ ಚಾಲಕನ ಮಾತೊಂದನ್ನೇ ನಂಬಿ ಕೂರಬೇಕಾದವರ ಪಾಡು ಗೊತ್ತಿದ್ದರೆ ಈ ಪ್ರಶ್ನೆ ಏಳುವುದಿಲ್ಲ. ಅಂಧರಿಗಾಗಿ ಜಿಪಿಎಸ್ ಬಳಸುವ ಪ್ರಯತ್ನಕ್ಕೆ ನಾಲ್ಕು ದಶಕಗಳ ಇತಿಹಾಸವಿದೆ. ಅದರಲ್ಲಿ ಬಹುಪಾಲು ಶ್ರಮ ಬಿಳಿ ಕೋಲು ಹಿಡಿದು ನಡೆಯುವವರಿಗಾಗಿ ನಡೆದದ್ದು. ಕಾರಿನಲ್ಲಿ ಕೂತವರಿಗೆ ದಕ್ಕಿದ್ದು ಅದರ ಉಪಫಲ ಮಾತ್ರ.

ಮೊದಲ ಹೆಜ್ಜೆಗಳಲ್ಲೊಂದು ಬಿದ್ದದ್ದು 1985ರಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯದಲ್ಲಿ. ಮನೋವಿಜ್ಞಾನಿ ಜ್ಯಾಕ್ ಲೂಮಿಸ್ ಜಿಪಿಎಸ್ ಮತ್ತು ಡಿಜಿಟಲ್ ನಕ್ಷೆ ಸೇರಿಸಿ ಅಂಧರಿಗೆ ದಾರಿ ತೋರಿಸಬಹುದೆಂದು ಯೋಚಿಸಿದರು. ಅವರ ಜೊತೆಗಾರ, ಭೂಗೋಳ ವಿಜ್ಞಾನಿ ರೆಜಿನಾಲ್ಡ್ ಗಾಲೆಜ್ ಅದರ ಹಿಂದಿನ ವರ್ಷವಷ್ಟೇ ದೃಷ್ಟಿ ಕಳೆದುಕೊಂಡಿದ್ದರು. ಊರುಗಳನ್ನು ಜನ ಮನಸ್ಸಿನಲ್ಲಿ ಹೇಗೆ ನಕ್ಷೆ ಮಾಡಿಕೊಳ್ಳುತ್ತಾರೆ ಎಂಬುದನ್ನು ಅಧ್ಯಯನ ಮಾಡಿದ ವಿದ್ವಾಂಸನಿಗೇ ಈಗ ಆ ನಕ್ಷೆ ಕಿವಿಯ ಮೂಲಕ ಬೇಕಾಯಿತು. ಈ ತಂಡ ಕಟ್ಟಿದ ಯಂತ್ರವನ್ನು ಬೆನ್ನಿಗೆ ಹೊತ್ತು ನಡೆಯಬೇಕಿತ್ತು. ಅದರಲ್ಲಿದ್ದ ಒಂದು ಕಲ್ಪನೆ ಮಾತ್ರ ಇಂದಿಗೂ ಹೊಸದೆನ್ನಿಸುತ್ತದೆ: ಕಟ್ಟಡ ಯಾವ ದಿಕ್ಕಿನಲ್ಲಿದೆಯೋ ಆ ದಿಕ್ಕಿನಿಂದಲೇ ಅದರ ಹೆಸರು ಹೆಡ್‌ಫೋನಿನಲ್ಲಿ ಕೇಳಿಬರುತ್ತಿತ್ತು.

ಆಗ ನಾಗರಿಕರಿಗೆ ಸಿಗುತ್ತಿದ್ದ ಜಿಪಿಎಸ್ ಸಂಕೇತವನ್ನು ಅಮೆರಿಕ ಸರ್ಕಾರ ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ತಪ್ಪು ನೂರು ಮೀಟರಿನವರೆಗೂ ಹೋಗುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ನಿರ್ಬಂಧ ತೆಗೆದ ಮೇಲೆ ಮಾರುಕಟ್ಟೆ ತೆರೆದುಕೊಂಡಿತು. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಮೈಕ್ ಮೇ ಅವರ ಸೆಂಡೆರೊ ಸಂಸ್ಥೆಯ ತಂತ್ರಾಂಶ 2002ರಲ್ಲಿ ಬ್ರೈಲ್‌ನೋಟ್ ಯಂತ್ರಕ್ಕೆ ಬಂತು, ಮರುವರ್ಷ ಕೆನಡಾದಿಂದ ಟ್ರೆಕ್ಕರ್ ಎಂಬ ಅಂಥದೇ ಸಾಧನ ಬಂತು. ಬ್ರೈಲ್‌ನೋಟನ್ನು ತೊಡೆಯ ಮೇಲಿಟ್ಟುಕೊಂಡ ಪ್ರಯಾಣಿಕ ದಾಟುತ್ತಿರುವ ರಸ್ತೆಯ ಹೆಸರನ್ನು ಬೆರಳ ತುದಿಯಲ್ಲೇ ಓದಬಹುದಿತ್ತು. ಗಂಡ ಕಾರು ಓಡಿಸುವಾಗ ಅಂಧಳಾದ ಹೆಂಡತಿ "ಮುಂದಿನ ತಿರುವಿನಲ್ಲಿ ಎಡಕ್ಕೆ" ಎನ್ನುವುದು ಸಾಧ್ಯವಾಯಿತು. ಬೆಲೆ ಮಾತ್ರ ಸಾವಿರಾರು ಡಾಲರ್. ನಮ್ಮಲ್ಲಿ ಅದನ್ನು ಕೊಳ್ಳಬಲ್ಲವರು ಎಷ್ಟು ಮಂದಿ!

ಕಾರಿನ ಕೆಲಸ ನಡಿಗೆಯ ಕೆಲಸಕ್ಕಿಂತ ಕೆಲವು ರೀತಿಯಲ್ಲಿ ಸುಲಭ. ನಿಂತಲ್ಲಿ ನಿಂತವನ ಮುಖ ಯಾವ ಕಡೆಗಿದೆ ಎಂದು ಜಿಪಿಎಸ್ ಒಂದರಿಂದಲೇ ತಿಳಿಯುವುದಿಲ್ಲ; ಓಡುವ ಕಾರಿನ ದಿಕ್ಕು ಅದರ ಚಲನೆಯಿಂದಲೇ ತಿಳಿಯುತ್ತದೆ. ಲೆಕ್ಕ ಹತ್ತು ಮೀಟರ್ ಆಚೀಚೆ ಹೋದರೂ ಕಾರು ರಸ್ತೆಯ ಮೇಲೇ ಇರಬೇಕೆಂದು ತಂತ್ರಾಂಶ ಅದನ್ನು ನಕ್ಷೆಯ ರಸ್ತೆಗೆ ಎಳೆದು ಕೂರಿಸುತ್ತದೆ. ಕಷ್ಟವಿರುವುದು ವೇಗದಲ್ಲಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರು ಮೂರು ಸೆಕೆಂಡಿನಲ್ಲಿ 50 ಮೀಟರ್ ದಾಟುತ್ತದೆ. "ಬಲಗಡೆ ಆಸ್ಪತ್ರೆ" ಎಂದು ಹೇಳಿ ಮುಗಿಸುವಷ್ಟರಲ್ಲಿ ಆಸ್ಪತ್ರೆ ಹಿಂದೆ ಬಿದ್ದಿರುತ್ತದೆ. ಎಲ್ಲವನ್ನೂ ಹೇಳಹೊರಟರೆ ಗದ್ದಲ, ಏನನ್ನೂ ಹೇಳದಿದ್ದರೆ ಕತ್ತಲೆ. ಯಾವುದನ್ನು ಬಿಡಬೇಕೆಂದು ಬಲ್ಲ ತಂತ್ರಾಂಶವೇ ಒಳ್ಳೆಯ ತಂತ್ರಾಂಶ ಎಂಬುದು ನನ್ನ ಅಭಿಪ್ರಾಯ. ನಮ್ಮ ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ: ಫ್ಲೈಓವರಿನ ಮೇಲಿದ್ದೇವೋ ಕೆಳಗಿನ ಸರ್ವೀಸ್ ರಸ್ತೆಯಲ್ಲಿದ್ದೇವೋ ಎಂಬುದರಲ್ಲಿ ಫೋನು ಹಲವು ಸಲ ಎಡವುತ್ತದೆ.

ಬೆಲೆಯ ಗೋಡೆ ಒಡೆದದ್ದು ಮೊಬೈಲ್. ಸಿಂಬಿಯನ್ ಫೋನುಗಳ ಕಾಲದಲ್ಲಿ ಅಂಧ ಪ್ರೋಗ್ರಾಮರುಗಳೇ ಬರೆದ ಲೋಡ್‌ಸ್ಟೋನ್ ಎಂಬ ಜಿಪಿಎಸ್ ತಂತ್ರಾಂಶ ಉಚಿತವಾಗಿ ಸಿಗುತ್ತಿತ್ತು. 2009ರಲ್ಲಿ ಐಫೋನಿಗೆ ವಾಯ್ಸ್‌ಓವರ್, ಆಂಡ್ರಾಯ್ಡಿಗೆ ಟಾಕ್‌ಬ್ಯಾಕ್ ಎಂಬ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರುಗಳು ಬಂದವು. ಪುಣೆಯಲ್ಲಿ ಬೆಳೆದು ಹದಿಹರೆಯದಲ್ಲಿ ದೃಷ್ಟಿ ಕಳೆದುಕೊಂಡ ಟಿ. ವಿ. ರಾಮನ್ ಗೂಗಲ್‌ನಲ್ಲಿ ಆಂಡ್ರಾಯ್ಡಿನ ಈ ಕೆಲಸದ ಮುಂಚೂಣಿಯಲ್ಲಿದ್ದರು. 2012ರಲ್ಲಿ ಫಿನ್ಲೆಂಡಿನ ಬ್ಲೈಂಡ್‌ಸ್ಕ್ವೇರ್, 2018ರಲ್ಲಿ ಮೈಕ್ರೋಸಾಫ್ಟಿನ ಸೌಂಡ್‌ಸ್ಕೇಪ್ ಎಂಬ ಆ್ಯಪುಗಳು ಬಂದವು. ಸೌಂಡ್‌ಸ್ಕೇಪ್ ಸಾಂಟಾ ಬಾರ್ಬರಾದ ಆ ಹಳೆಯ ದಿಕ್ಕಿನ ದನಿಯನ್ನು ಜೇಬಿನ ಫೋನಿಗೇ ತಂದಿತು. 2023ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ತಂತ್ರಾಂಶದ ಕೋಡನ್ನು ಎಲ್ಲರಿಗೂ ಮುಕ್ತವಾಗಿಸಿದ್ದರಿಂದ ಆ ಕೆಲಸ ಬೇರೆಯವರ ಕೈಯಲ್ಲಿ ಉಳಿದುಕೊಂಡಿದೆ. ಗೂಗಲ್ ಮ್ಯಾಪ್ಸ್ 2018ರಿಂದ ಕನ್ನಡದಲ್ಲೂ ದಾರಿ ಹೇಳುತ್ತಿದೆ. ಅದು ಚಾಲಕನಿಗಾಗಿ ಆಡುವ ಮಾತು: ತಿರುವುಗಳನ್ನು ಹೇಳುತ್ತದೆ, ಎಡಬಲದಲ್ಲಿ ಏನೇನಿದೆ ಎಂದೆಲ್ಲ ಹೇಳುವುದಿಲ್ಲ.

ಸ್ಟೀರಿಂಗನ್ನೇ ಅಂಧರ ಕೈಗೆ ಕೊಡುವ ಪ್ರಯೋಗವೂ ನಡೆದಿದೆ. 2011ರ ಜನವರಿಯಲ್ಲಿ ಮಾರ್ಕ್ ರಿಕೊಬೊನೊ ಎಂಬ ಅಂಧರು ಅಮೆರಿಕದ ಡೇಟೋನಾ ರೇಸ್ ಟ್ರ್ಯಾಕಿನಲ್ಲಿ, ಯಾರ ನೆರವೂ ಇಲ್ಲದೆ, ಮುಂದಿನ ವ್ಯಾನಿನಿಂದ ಎಸೆದ ಪೆಟ್ಟಿಗೆಗಳನ್ನೂ ತಪ್ಪಿಸಿಕೊಂಡು ಕಾರು ಓಡಿಸಿದರು. ಎಷ್ಟು ತಿರುಗಿಸಬೇಕೆಂದು ಕಂಪಿಸುವ ಕೈಗವಸು, ಎಷ್ಟು ವೇಗವೆಂದು ಸೀಟಿನ ಕಂಪಿಸುವ ದಿಂಬು ಅವರಿಗೆ ತಿಳಿಸುತ್ತಿದ್ದವು. 2015ರಲ್ಲಿ ಆಸ್ಟಿನ್ ನಗರದಲ್ಲಿ ಸ್ಟೀವ್ ಮಹಾನ್ ಎಂಬ ಅಂಧರು ಸ್ಟೀರಿಂಗೇ ಇಲ್ಲದ ಗೂಗಲ್ ಕಾರಿನಲ್ಲಿ ಒಬ್ಬರೇ ಪ್ರಯಾಣ ಮಾಡಿದರು. ಚಾಲಕನಿಲ್ಲದೆ ಓಡುವ ಇಂದಿನ ವೇಮೊ ಕಾರುಗಳಲ್ಲಿ ಫೋನಿನಿಂದಲೇ ಹಾರ್ನ್ ಹೊಡೆಸಿ ಕಾರು ಎಲ್ಲಿ ನಿಂತಿದೆ ಎಂದು ಕಂಡುಕೊಳ್ಳಬಹುದು.

ಈ ಹಾರ್ನ್ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪ್ರಯಾಣ ಕೆಡುವುದು ಹೆಚ್ಚಾಗಿ ಅದರ ಎರಡು ತುದಿಗಳಲ್ಲಿ. "ಸರ್, ಲೊಕೇಶನ್‌ಗೆ ಬಂದಿದ್ದೀನಿ, ನಿಮ್ಮ ಎದುರಿಗೆ ಏನು ಕಾಣ್ತಿದೆ ಹೇಳಿ" ಎಂದು ಕ್ಯಾಬ್ ಚಾಲಕ ಫೋನು ಮಾಡಿದಾಗ ಅಂಧ ಗ್ರಾಹಕ ಏನು ಹೇಳಬೇಕು? ಮ್ಯಾಪಿನ ಮೇಲೆ ಬೆರಳಿಂದ ಎಳೆದು ಕೂರಿಸಬೇಕಾದ ಪಿನ್ ಸ್ಕ್ರೀನ್ ರೀಡರಿಗೆ ಸುಲಭವಾಗಿ ಸಿಗುವುದಿಲ್ಲ. ಇಳಿದ ಮೇಲೆ ಗೇಟು ರಸ್ತೆಯ ಈ ಬದಿಯೋ ಆ ಬದಿಯೋ ಎಂದು ಜಿಪಿಎಸ್ ಖಾತ್ರಿಯಾಗಿ ಹೇಳಲಾರದು. ಗ್ರಾಹಕರಿಗೆ ಕಣ್ಣು ಕಾಣುವುದಿಲ್ಲ ಎಂಬುದನ್ನು, ಅವರು ಒಪ್ಪಿದರೆ, ಚಾಲಕನಿಗೆ ಮೊದಲೇ ತಿಳಿಸುವ ವ್ಯವಸ್ಥೆ ಪ್ರತಿ ಕ್ಯಾಬ್ ಆ್ಯಪಿನಲ್ಲೂ ಇರಬೇಕು. ಅದು ಬರುವವರೆಗೆ ಚಾಲಕ ಬಂಧುಗಳಲ್ಲಿ ಒಂದು ಕೋರಿಕೆ: ಬಿಳಿ ಕೋಲು ಕಂಡರೆ ಹತ್ತಿರ ಹೋಗಿ ಹೆಸರು ಹಿಡಿದು ಮಾತಾಡಿಸಿ. ಇಳಿಸುವಾಗ ಗೇಟು ಯಾವ ಕಡೆಗಿದೆ, ಕಾಲಿಡುವಲ್ಲಿ ಚರಂಡಿ ಇದೆಯೇ, ಇಷ್ಟನ್ನು ಹೇಳಿ ಹೊರಡಿ.